ಕಂಪನಿಯ ಕಂಪ್ಯೂಟರುಗಳಿಗೆ ಹೆಸರಿಡುವ ಕ್ರಮ

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು, ಸರಿಯಾಗಿ ಕೆಲಸ ಮಾಡದೆ ನಿಂತಿದ್ದ ಡೇಟಾಬೇಸ್ ಸರ್ವರ್ ಒಂದರ ಫೋಲ್ಡರ್ ಅಳಿಸಿ ಹೊಸದಾಗಿ ಶುರುಮಾಡಲು ಹೊರಟಿದ್ದರು. ಅಳಿಸಬೇಕಿದ್ದದ್ದು ‘ಡಿಬಿ2’ ಎಂಬ ಸರ್ವರಿನಲ್ಲಿ, ಆಜ್ಞೆ ಕೊಟ್ಟದ್ದು ‘ಡಿಬಿ1’ ಎಂಬುದರಲ್ಲಿ. ಬಳಕೆದಾರರ ಅಸಲಿ ದತ್ತಾಂಶ ಇದ್ದದ್ದು ಅಲ್ಲಿಯೇ. ಒಂದೆರಡು ಸೆಕೆಂಡಿನಲ್ಲಿ ಎಚ್ಚೆತ್ತು ಆಜ್ಞೆಯನ್ನು ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯ ಪೈಕಿ ಉಳಿದದ್ದು ನಾಲ್ಕೂವರೆ ಜಿಬಿ. ಆರು ಗಂಟೆ ಹಿಂದಿನ ಒಂದು ನಕಲು ಅದೃಷ್ಟಕ್ಕೆ ಸಿಕ್ಕಿತು. ನಡುವಿನ ಆರು ಗಂಟೆಗಳಲ್ಲಿ ಜನ ಸೇರಿಸಿದ್ದ ಟಿಪ್ಪಣಿ, ಖಾತೆ, ಪ್ರಾಜೆಕ್ಟುಗಳ ವಿವರ ಹೋಗಿಯೇ ಹೋಯಿತು.

ಬ್ಯಾಕಪ್ ವ್ಯವಸ್ಥೆಗಳು ಕೈಕೊಟ್ಟದ್ದು ಆ ರಾತ್ರಿಯ ದೊಡ್ಡ ಲೋಪ. ಆದರೆ ಕಂಪನಿ ಆಮೇಲೆ ಬಹಿರಂಗವಾಗಿ ಪ್ರಕಟಿಸಿದ ವರದಿಯಲ್ಲಿ ಸರಿಪಡಿಸಬೇಕಾದ ಕೆಲಸಗಳ ನಡುವೆ ಇನ್ನೊಂದೂ ಇತ್ತು: ತಾನು ಯಾವ ಸರ್ವರಿನಲ್ಲಿ ಇದ್ದೇನೆ, ಅದು ಅಸಲಿಯೋ ಪ್ರಯೋಗದ್ದೋ ಎಂಬುದು ಕೆಲಸ ಮಾಡುವವರ ಪರದೆಯ ಮೇಲೆ ಎದ್ದು ಕಾಣಬೇಕು. ದಣಿದ ಮನುಷ್ಯನೊಬ್ಬ ಅಪರಾತ್ರಿಯಲ್ಲಿ ಓದಬೇಕಾದ ಹೆಸರುಗಳ ನಡುವೆ ಒಂದೇ ಒಂದು ಅಂಕಿಯ ವ್ಯತ್ಯಾಸವಿದ್ದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಕಂಪ್ಯೂಟರಿಗೆ ಹೆಸರಿಡುವುದು ಪೆಟ್ಟಿಗೆ ಬಿಚ್ಚಿದ ದಿನ ಎರಡು ನಿಮಿಷದಲ್ಲಿ ಮುಗಿಸುವ ಕೆಲಸವೆಂದು ಬಹಳ ಕಚೇರಿಗಳಲ್ಲಿ ಭಾವಿಸುತ್ತಾರೆ. ಆ ಹೆಸರಾದರೋ ಯಂತ್ರ ಗುಜರಿಗೆ ಹೋಗುವವರೆಗೂ, ಕೆಲವೊಮ್ಮೆ ಆಮೇಲೂ ಉಳಿಯುತ್ತದೆ.

ಒಂದೇ ಕಡತದಿಂದ ಡಿಎನ್‌ಎಸ್‌ವರೆಗೆ

ಯಂತ್ರಗಳು ಪರಸ್ಪರ ಗುರುತಿಸುವುದು ಐಪಿ ವಿಳಾಸದ ಸಂಖ್ಯೆಯಿಂದ. ಹೆಸರು ಬೇಕಾಗಿರುವುದು ನಮಗೆ. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ನಲ್ಲಿ ಎಲ್ಲ ಯಂತ್ರಗಳ ಹೆಸರು ಮತ್ತು ಸಂಖ್ಯೆ ‘ಹೋಸ್ಟ್ಸ್’ ಎಂಬ ಒಂದೇ ಕಡತದಲ್ಲಿ ಇರುತ್ತಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ಕೈಯಾರೆ ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಕಡತಕ್ಕೆ ಸೇರಿಸಬೇಕು, ಉಳಿದವರು ಅದನ್ನು ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚುತ್ತಾ ಹೋದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡಿಎನ್‌ಎಸ್, ಹೆಸರಿಡುವ ಅಧಿಕಾರವನ್ನು ಹಂಚಿತು. ಪ್ರತಿ ಸಂಸ್ಥೆಗೂ ತನ್ನ ಡೊಮೇನ್. ಅದರೊಳಗೆ ಯಾವ ಯಂತ್ರಕ್ಕೆ ಯಾವ ಹೆಸರು ಎಂಬುದು ಆಯಾ ಸಂಸ್ಥೆಗೇ ಬಿಟ್ಟದ್ದು. ಇವತ್ತಿನ ಕಂಪನಿಗಳ ಸ್ವಾತಂತ್ರ್ಯವೂ ತಲೆನೋವೂ ಅಲ್ಲಿಂದ ಬಂದವು.

ಅಕ್ಷರ ಮತ್ತು ಅಳತೆ

ಯಂತ್ರದ ಹೆಸರಿನಲ್ಲಿ ಇಂಗ್ಲಿಷಿನ ಅಕ್ಷರ, ಅಂಕಿ ಮತ್ತು ಹೈಫನ್ ಮಾತ್ರ ಬರಬಹುದು. ಹೈಫನ್ ಮೊದಲಲ್ಲೂ ಕೊನೆಯಲ್ಲೂ ಇರಕೂಡದು. ಮೊದಲ ಅಕ್ಷರ ಅಂಕಿಯಾಗಬಾರದೆಂದು 1985ರ ನಿಯಮ ಹೇಳುತ್ತಿತ್ತು, 1989ರಲ್ಲಿ ಆ ಬಿಗಿ ಸಡಿಲವಾಯಿತು. ಅಂಡರ್‌ಸ್ಕೋರ್ ಬಳಸುವುದು ಹಲವರಿಗೆ ರೂಢಿ, ಎಷ್ಟೋ ಕಡೆ ಅದು ನಡೆದುಬಿಡುತ್ತದೆ ಕೂಡ. ಆದರೆ ನಿಯಮದಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ಯಾವುದೋ ಒಂದು ತಂತ್ರಾಂಶ ಯಾವತ್ತೋ ಒಂದು ದಿನ ಅದನ್ನು ತಿರಸ್ಕರಿಸುತ್ತದೆ. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ಡಿಎನ್‌ಎಸ್ ಎಣಿಸುವುದಿಲ್ಲ, ಹಾಗಾಗಿ ಎಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯುವುದು ವಾಸಿ.

ಚುಕ್ಕೆಗಳ ನಡುವಿನ ಒಂದು ಭಾಗಕ್ಕೆ ಡಿಎನ್‌ಎಸ್ 63 ಅಕ್ಷರಗಳ ಮಿತಿ ಇಟ್ಟಿದೆ. ಕಚೇರಿಗಳಲ್ಲಿ ನಿಜವಾಗಿ ಕೈ ಕಟ್ಟುವುದು ವಿಂಡೋಸ್‌ನ ಹಳೆಯ ನೆಟ್‌ಬಯೋಸ್ ಪದ್ಧತಿಯ 15 ಅಕ್ಷರಗಳ ಮಿತಿ. ‘ಬೆಂಗಳೂರು-ಅಕೌಂಟ್ಸ್-01’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 21 ಅಕ್ಷರವಾಗುತ್ತದೆ. ಹದಿನೈದಕ್ಕೆ ಕತ್ತರಿಸಿದರೆ ‘ಅಕೌಂಟ್ಸ್’ ನಡುವೆಯೇ ತುಂಡಾಗಿ, 01 ಮತ್ತು 02 ಎರಡೂ ಒಂದೇ ಹೆಸರಾಗಿಬಿಡುತ್ತವೆ. ಕಂಪನಿಯಲ್ಲಿ ಒಂದಾದರೂ ವಿಂಡೋಸ್ ಯಂತ್ರವಿದ್ದರೆ ಇಡೀ ಕ್ರಮವನ್ನು 15 ಅಕ್ಷರದೊಳಗೆ ಹಿಡಿಸಬೇಕು.

ಕನ್ನಡ ಲಿಪಿಯಲ್ಲೇ ಹೆಸರಿಡಬಹುದೇ ಎಂದು ಕೇಳುವವರಿದ್ದಾರೆ. ಡೊಮೇನ್ ಹೆಸರುಗಳಿಗೆ ಅದು ಸಾಧ್ಯ. ನಮ್ಮ ದೇಶಕ್ಕೆ ಕನ್ನಡದ ‘ಡಾಟ್ ಭಾರತ’ ಇದೆ. ತೆರೆಯ ಹಿಂದೆ ಆ ಅಕ್ಷರಗಳು ಪ್ಯುನಿಕೋಡ್ ಎಂಬ ವಿಧಾನದಲ್ಲಿ ಇಂಗ್ಲಿಷ್ ಅಕ್ಷರ-ಅಂಕಿಗಳ ಸರಣಿಯಾಗಿ ಬದಲಾಗುತ್ತವೆ. ಜನರು ಓದುವ ಜಾಲತಾಣದ ವಿಳಾಸಕ್ಕೆ ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಸರ್ವರಿನ ಲಾಗ್ ಕಡತದಲ್ಲಿ ಮಾತ್ರ ಅದು ಯಾರಿಗೂ ಓದಲಾಗದ ಸರಣಿಯಾಗಿಯೇ ಕಾಣಿಸುವುದರಿಂದ ಒಳಗಿನ ಯಂತ್ರಗಳಿಗೆ ಹೊಂದುವುದಿಲ್ಲ.

ನದಿ, ರಾಗ, ಗ್ರಹಗಳ ಹೆಸರು

1990ರ ಆಗಸ್ಟಿನಲ್ಲಿ ಅಮೆರಿಕದ ಡಾನ್ ಲೀಬ್ಸ್ ಬರೆದ ಆರ್‌ಎಫ್‌ಸಿ 1178 ಎಂಬ ಪುಟ್ಟ ದಾಖಲೆ ಈ ವಿಷಯದ ಮೂಲಪಾಠವೆನ್ನಬಹುದು. ಅಪರೂಪದ ಪದ ಆರಿಸಿ, ಒಂದು ಗುಂಪಿಗೆ ಒಂದೇ ವಿಷಯದ ಹೆಸರುಗಳನ್ನು ಕೊಡಿ ಎಂಬುದು ಅದರ ಸಲಹೆ. ದಿನಬಳಕೆಯ ಪದವನ್ನು ಯಂತ್ರಕ್ಕೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಅವರು ಕೊಡುವ ಉದಾಹರಣೆ ಇಂದಿಗೂ ಮುಟ್ಟುತ್ತದೆ. ಒಂದು ಸರ್ವರಿನ ಹೆಸರು ‘ಅಪ್’. ‘ಅಪ್ ಡೌನ್ ಆಗಿದೆಯಾ?’ ಎಂದು ಯಾರಾದರೂ ಕೇಳಿದರೆ ಎದುರಿಗಿದ್ದವರು ಯಾವುದರ ಬಗ್ಗೆ ಉತ್ತರಿಸಬೇಕು?

ಇಂಥ ಹೆಸರುಗಳ ಶಕ್ತಿ ಇರುವುದು ನೆನಪಿನಲ್ಲಿ ನಿಲ್ಲುವುದರಲ್ಲಿ. ನಮ್ಮ ಹವಾಮಾನ ಸಂಸ್ಥೆಗಳ ಸೂಪರ್ ಕಂಪ್ಯೂಟರುಗಳನ್ನು ನೋಡಿ: 2018ರಲ್ಲಿ ಪುಣೆಯಲ್ಲಿ ಪ್ರತ್ಯೂಷ, ನೊಯ್ಡಾದಲ್ಲಿ ಮಿಹಿರ, 2024ರಲ್ಲಿ ಅವೇ ಊರುಗಳಲ್ಲಿ ಅರ್ಕ ಮತ್ತು ಅರುಣಿಕಾ. ನಾಲ್ಕಕ್ಕೂ ಸೂರ್ಯನದೇ ನಂಟು. ಮಳೆ ಬಿಸಿಲು ಲೆಕ್ಕ ಹಾಕುವ ಯಂತ್ರಗಳು ಒಂದೇ ಕುಟುಂಬದವು ಎಂದು ಕೇಳಿದೊಡನೆ ತಿಳಿಯುತ್ತದೆ. ಬೆರಳೆಣಿಕೆಯ ದೊಡ್ಡ ಯಂತ್ರಗಳಿರುವಲ್ಲಿ ಈ ರೀತಿಗೆ ಸಮನಾದದ್ದು ಇನ್ನೊಂದಿಲ್ಲ.

ವಿಷಯ ಆರಿಸುವಾಗ ಅದರಲ್ಲಿ ಹೆಸರುಗಳೆಷ್ಟಿವೆ ಎಂದು ಮೊದಲೇ ನೋಡಬೇಕು. ಗ್ರಹಗಳ ಹೆಸರಿಟ್ಟವರಿಗೆ ಒಂಬತ್ತನೆಯ ಸರ್ವರ್ ಬಂದ ದಿನ ದಾರಿ ಮುಚ್ಚುತ್ತದೆ. ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳು 72 ಇವೆ. ಆದರೆ ಅವುಗಳ ಉದ್ದುದ್ದ ಹೆಸರುಗಳನ್ನು ಅವಸರದಲ್ಲಿ ಟೈಪ್ ಮಾಡುವವರ ಕಷ್ಟ ಯೋಚಿಸಬೇಕು. ನದಿಗಳು ಬಹಳ ಜನರ ಆಯ್ಕೆ. ಇಲ್ಲಿ ಕನ್ನಡಿಗರಿಗೆ ವಿಶೇಷವಾದ ಒಂದು ತೊಡಕಿದೆ. ಒಂದು ಹೆಸರಿಗೆ ಎರಡು ಕಾಗುಣಿತ ಇರಬಾರದೆಂದು ಲೀಬ್ಸ್ ಎಚ್ಚರಿಸಿದ್ದರು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗಲೋ ಎರಡಲ್ಲ, ಮೂರು ನಾಲ್ಕು ಕಾಗುಣಿತಗಳಿರುತ್ತವೆ. ಕಾವೇರಿಯನ್ನು ‘ಕೆ’ಯಿಂದಲೂ ಬರೆಯುತ್ತಾರೆ, ‘ಸಿ’ಯಿಂದಲೂ. ಶರಾವತಿ, ನೇತ್ರಾವತಿಗಳ ‘ತಿ’ಗೆ ‘ಎಚ್’ ಸೇರಿಸಬೇಕೇ ಬೇಡವೇ ಎಂಬುದು ಬರೆಯುವವರು ಯಾವ ಊರಿನವರು ಎಂಬುದರ ಮೇಲೆ ನಿಂತಿದೆ. ದೂರದ ಶಾಖೆಯಿಂದ ಫೋನಿನಲ್ಲಿ ‘ನೇತ್ರಾವತಿಗೆ ಲಾಗಿನ್ ಆಗ್ತಿಲ್ಲ ಸರ್’ ಎನ್ನುವವರ ಸಮಸ್ಯೆ ಬರೀ ಒಂದು ‘ಎಚ್’ ಆಗಿರಬಹುದು. ತುಂಗಾ, ಕಬಿನಿ, ಭೀಮಾ, ಕಾಳಿ ಇವುಗಳಿಗೆ ಗೊಂದಲ ಕಡಿಮೆ. ಆಯ್ಕೆ ಮಾಡುವ ಮುಂಚೆ ನಾಲ್ಕು ಜನರಿಗೆ ಹೆಸರನ್ನು ಬಾಯಲ್ಲಿ ಹೇಳಿ ಬರೆಯಿಸಿ ನೋಡುವುದು ಒಳ್ಳೆಯ ಪರೀಕ್ಷೆ.

ಕೆಲವು ಹೆಸರುಗಳನ್ನು ಹೊರಗಿಡಲೇಬೇಕು. ಜಾತಿ, ಮತ, ಪಕ್ಷಗಳ ನೆರಳಿರುವ ಹೆಸರು, ಸಹೋದ್ಯೋಗಿಗಳ ಅಡ್ಡಹೆಸರು, ದೇವರ ಹೆಸರು. ‘ಮಂಜುನಾಥ ಸತ್ತುಹೋಗಿದೆ, ಕೇಬಲ್ ಕಿತ್ತು ಮತ್ತೆ ಹಾಕಿ’ ಎಂಬ ಮಾತು ಭಕ್ತರಾದ ಯಾರ ಕಿವಿಗಾದರೂ ಬಿದ್ದರೆ ನೋವಾಗುತ್ತದೆ. ಅದನ್ನು ಯೋಚಿಸುವುದು ಹೆಸರಿಡುವವರ ಕರ್ತವ್ಯ.

ಸಂಕೇತಗಳಿಂದ ಕಟ್ಟಿದ ಹೆಸರು

ಯಂತ್ರಗಳು ಮೂವತ್ತು ನಲವತ್ತು ದಾಟಿದ ಮೇಲೆ ಹೊಸಬರಿಗೆ ತುಂಗಾ ಏನು ಮಾಡುತ್ತದೆ, ಭೀಮಾ ಎಲ್ಲಿದೆ ಎಂದು ನೆನಪಿಡುವುದು ಹೊರೆಯಾಗುತ್ತದೆ. ಆಗ ಊರು, ಬಳಕೆ, ಕೆಲಸ, ಸಂಖ್ಯೆ ಇವುಗಳ ಸಂಕೇತಗಳನ್ನು ಜೋಡಿಸಿದ ಹೆಸರು ಬರುತ್ತದೆ: ‘ಬಿಎಲ್‌ಆರ್-ಪಿ-ಡಿಬಿ-01’ ಎಂದರೆ ಬೆಂಗಳೂರಿನ, ಅಸಲಿ ಬಳಕೆಯ, ಡೇಟಾಬೇಸಿನ ಮೊದಲ ಸರ್ವರ್.

ಊರಿಗೆ ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತ ಬಳಸುವುದು ಜಗತ್ತಿನೆಲ್ಲೆಡೆ ಇರುವ ರೂಢಿ. ಅದರ ಗಟ್ಟಿತನವನ್ನು ನಮ್ಮಲ್ಲೇ ನೋಡಬಹುದು. ಬೆಂಗಳೂರಿನ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರೇ ಬದಲಾಯಿತು. ಬಿಎಲ್‌ಆರ್ ಎಂಬ ಸಂಕೇತ ಎರಡಕ್ಕೂ ಜಗ್ಗಲಿಲ್ಲ. ಅದೇ ದಿನ ಬೆಳಗಾವಿ, ಕಲಬುರಗಿ, ವಿಜಯಪುರ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ, ಹಳೆಯ ಕಾಗುಣಿತದಿಂದ ಸ್ವಂತ ಸಂಕೇತ ಕಟ್ಟಿಕೊಂಡಿದ್ದ ಕಚೇರಿಗಳಲ್ಲಿ ಹಳತು-ಹೊಸತು ಬೆರೆಯುವ ಸಂದರ್ಭ ಒದಗಿತು. ಆದರೆ ಈ ರೂಢಿಯನ್ನೂ ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಮಂಗಳೂರಿನದು ಐಎಕ್ಸ್‌ಇ, ಬೆಳಗಾವಿಯದು ಐಎಕ್ಸ್‌ಜಿ. ಫೋನಿನಲ್ಲಿ ‘ಇ’ ಮತ್ತು ‘ಜಿ’ ಒಂದೇ ಥರ ಕೇಳಿಸುತ್ತವೆ. ಎರಡೂ ಊರುಗಳಲ್ಲಿ ಶಾಖೆಯಿರುವ ಕಂಪನಿ ತನ್ನದೇ ಮೂರಕ್ಷರ ಆರಿಸಿಕೊಳ್ಳುವುದು ಲೇಸು.

ಸಂಖ್ಯೆಯನ್ನು 1 ಎಂದು ಬರೆಯದೆ 01 ಎಂದೇ ಬರೆಯಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಒಂದರ ಹಿಂದೆಯೇ ಹತ್ತು ಬಂದು ನಿಲ್ಲುತ್ತದೆ. ಸೊನ್ನೆ ಮತ್ತು ‘ಒ’ ಅಕ್ಷರ, ಒಂದು ಮತ್ತು ಸಣ್ಣ ‘ಎಲ್’ ಪಕ್ಕಪಕ್ಕ ಬರದಂತೆ ನೋಡಬೇಕು. ನಿವೃತ್ತವಾದ ಯಂತ್ರದ ಸಂಖ್ಯೆಯನ್ನು ಹೊಸದಕ್ಕೆ ಕೊಡಬಾರದು. ಕೊಟ್ಟರೆ ಹಳೆಯ ಲಾಗ್‌ಗಳಲ್ಲಿ ಎರಡು ಯಂತ್ರಗಳ ಚರಿತ್ರೆ ಬೆರೆಯುತ್ತದೆ. ದೂರದಿಂದಲೇ ಎಸ್‌ಎಸ್‌ಎಚ್ ಎಂಬ ವಿಧಾನದಲ್ಲಿ ಒಳಹೋಗುವವರಿಗೆ ‘ಇದು ಮೊದಲಿನ ಯಂತ್ರವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಸುಳ್ಳು ಎಚ್ಚರಿಕೆಗಳಿಗೆ ಒಗ್ಗಿದವರು ನಿಜವಾದ ಎಚ್ಚರಿಕೆಯನ್ನೂ ದಾಟಿ ಮುಂದೆ ಹೋಗುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಅಸಲಿಗೂ ಪ್ರಯೋಗಕ್ಕೂ ಇರುವ ವ್ಯತ್ಯಾಸ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಅಕ್ಷರಗಳಲ್ಲಿ ಕಾಣಬೇಕು. 15 ಅಕ್ಷರದಲ್ಲಿ ಜಾಗ ಸಾಲದಿದ್ದರೆ ಊರನ್ನು ಬಿಡಿ, ಇದನ್ನು ಬಿಡಬೇಡಿ. ಮೇಲೆ ಕೊಟ್ಟ ಮಾದರಿಯ ಒಂಟಿ ‘ಪಿ’ ಕೂಡ ನನ್ನ ಮಟ್ಟಿಗೆ ಸಾಲದು. ‘ಪ್ರಾಡ್’ ಎಂದು ನಾಲ್ಕಕ್ಷರವನ್ನೇ ಬರೆಯಲಿ.

ಬದಲಾಗುವ ಸಂಗತಿಗಳು

ಸಂಕೇತದ ಹೆಸರಿಗೆ ಮನಸೋತವರು ಎಲ್ಲವನ್ನೂ ಅದರಲ್ಲಿ ತುಂಬಲು ಹೊರಡುತ್ತಾರೆ: ಮಹಡಿ, ರ‍್ಯಾಕ್, ವಿಭಾಗ, ಆಪರೇಟಿಂಗ್ ಸಿಸ್ಟಮ್, ಖರೀದಿಸಿದ ವರ್ಷ. ಯಂತ್ರ ಒಂದು ರ‍್ಯಾಕಿನಿಂದ ಇನ್ನೊಂದಕ್ಕೆ ಹೋದ ದಿನವೇ ಹೆಸರು ಸುಳ್ಳಾಗುತ್ತದೆ. ಲೀಬ್ಸ್ ಹೇಳಿದ ಒಂದು ಪ್ರಸಂಗದಲ್ಲಿ, ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸಲು ತಂದ ಕಂಪ್ಯೂಟರಿಗೆ ‘ಶಾಪ್’ ಎಂದು ಹೆಸರಿಟ್ಟಿದ್ದರು. ಅದೇ ಕೆಲಸಕ್ಕೆ ಎರಡನೆಯದು ಬಂತು, ಆಮೇಲೆ ಇನ್ನೈದು ಬಂದವು, ಮೊದಲನೆಯದು ಸಂಬಂಧವೇ ಇಲ್ಲದ ಬೇರೆ ಕೆಲಸಕ್ಕೆ ಹೋಯಿತು. ‘ಶಾಪ್’ ಎಂಬ ಹೆಸರಿಗೆ ಅರ್ಥವೇ ಉಳಿಯಲಿಲ್ಲ.

ಜಮೀನಿನ ಸರ್ವೆ ನಂಬರ್ ಮತ್ತು ಪಹಣಿಯ ಸಂಬಂಧ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಒಡೆಯ ಬದಲಾಗಲಿ, ಬೆಳೆ ಬದಲಾಗಲಿ, ಸಾಲ ಏರಲಿ, ಅದನ್ನೆಲ್ಲ ಪಹಣಿ ಬರೆದುಕೊಳ್ಳುತ್ತದೆ. ಸರ್ವೆ ನಂಬರ್ ತನ್ನಷ್ಟಕ್ಕೆ ಇರುತ್ತದೆ. ಯಂತ್ರಕ್ಕೂ ಅಂಥದೊಂದು ದಾಖಲೆ ಪುಸ್ತಕ ಬೇಕು. ಎಲ್ಲಿದೆ, ಯಾರ ಹೊಣೆ, ಯಾವ ಆವೃತ್ತಿ, ವಾರಂಟಿ ಯಾವಾಗ ಮುಗಿಯುತ್ತದೆ, ಇವೆಲ್ಲ ಅಲ್ಲಿರಲಿ. ಸಣ್ಣ ಕಚೇರಿಗೆ ಒಂದು ಸ್ಪ್ರೆಡ್‌ಶೀಟ್ ಸಾಕು. ಆ ಪುಸ್ತಕ ಇಲ್ಲದ ಕಡೆಯೇ ಹೆಸರು ಉದ್ದವಾಗುತ್ತಾ ಹೋಗುತ್ತದೆ.

ಯಂತ್ರಕ್ಕೊಂದು ಹೆಸರು, ಸೇವೆಗೊಂದು ಹೆಸರು

1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ತಮ್ಮ ಎರಡು ಕಂಪ್ಯೂಟರುಗಳಿಗೆ ಅಕೆಬೊನೊ, ಕೊನಿಶಿಕಿ ಎಂದು ಸುಮೊ ಪೈಲ್ವಾನರ ಹೆಸರಿಟ್ಟಿದ್ದರು. ಅವರು ಮಾಡಿದ, ಜನಪ್ರಿಯವಾದ ‘ಯಾಹೂ’ ಎಂಬ ಜಾಲತಾಣಗಳ ಪಟ್ಟಿಯ ವಿಳಾಸದಲ್ಲಿ ಅಕೆಬೊನೊ ಎಂಬ ಯಂತ್ರದ ಹೆಸರೇ ಇತ್ತು. ಸೇವೆ ವಿಶ್ವವಿದ್ಯಾಲಯ ಬಿಟ್ಟು ಹೊರಟಾಗ ವಿಳಾಸವೇ ಬದಲಾಗಬೇಕಾಯಿತು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಮೊದಲ ವೆಬ್ ಸರ್ವರಿಗೆ ಒಂದು ಒಣ ಸಂಕೇತದ ಹೆಸರಿತ್ತು. ಅದರ ಮೇಲೆ ‘ಇನ್ಫೊ’ ಎಂಬ ಅಲಿಯಾಸ್, ಅಂದರೆ ಇನ್ನೊಂದು ಹೆಸರು ಕೂಡ ಇತ್ತು. ಆ ಸರ್ವರ್ ಓಡುತ್ತಿದ್ದ ನೆಕ್ಸ್ಟ್ ಕಂಪನಿಯ ಕಂಪ್ಯೂಟರ್ ಈಗ ಪ್ರದರ್ಶನದ ವಸ್ತು. ‘ಇನ್ಫೊ’ ವಿಳಾಸ ಮಾತ್ರ ಬೇರೆ ಯಂತ್ರದಿಂದ ಇವತ್ತಿಗೂ ತೆರೆದುಕೊಳ್ಳುತ್ತದೆ.

ಕಂಪನಿಯ ಒಳಗೂ ಇದೇ ರೀತಿ. ಹಾಜರಾತಿ ತಂತ್ರಾಂಶ, ಫೈಲ್ ಸರ್ವರ್, ಟ್ಯಾಲಿ ಇರುವ ಯಂತ್ರ, ಇವನ್ನು ನೌಕರರು ಯಂತ್ರದ ಹೆಸರಿನಿಂದ ಎಂದೂ ತಲುಪಬಾರದು. ‘ಹಾಜರಾತಿ’, ‘ಫೈಲ್ಸ್’, ‘ಲೆಕ್ಕ’ ಎಂಬ ಅಲಿಯಾಸ್‌ಗಳನ್ನು ಡಿಎನ್‌ಎಸ್‌ನಲ್ಲಿ ಸೃಷ್ಟಿಸಿ ಅವುಗಳನ್ನೇ ಎಲ್ಲರಿಗೂ ಕೊಡಬೇಕು. ಸರ್ವರ್ ಕೆಟ್ಟು ಹೊಸದು ಬಂದಾಗ ಅಲಿಯಾಸನ್ನು ಅದರತ್ತ ತಿರುಗಿಸಿದರೆ ಮುಗಿಯಿತು, ನೂರು ಜನರ ಮೇಜಿನ ಬಳಿ ಹೋಗಬೇಕಿಲ್ಲ. ಇಷ್ಟು ಮಾಡಿದವರಿಗೆ ಯಂತ್ರದ ಹೆಸರು ತುಂಗಾ ಆಗಿದ್ದರೂ ಸಂಕೇತವಾಗಿದ್ದರೂ ಅಷ್ಟಾಗಿ ತೊಂದರೆಯಾಗುವುದಿಲ್ಲ. ಈ ಲೇಖನದಿಂದ ಒಂದನ್ನೇ ಜಾರಿಗೆ ತರುವುದಾದರೆ ಇದನ್ನೇ ತನ್ನಿ ಎನ್ನುತ್ತೇನೆ.

ಒಳಜಾಲದ ಡೊಮೇನ್

ಯಂತ್ರದ ಹೆಸರಿನ ಹಿಂದೆ ಬರುವ ಡೊಮೇನ್ ಕಂಪನಿ ಹಣ ಕೊಟ್ಟು ನೋಂದಾಯಿಸಿದ ಡೊಮೇನಿನ ಒಂದು ಶಾಖೆಯಾಗಿರಬೇಕು. ತಮಗೆ ಸೇರದ ಹೆಸರನ್ನು ಒಳಗೆ ಬಳಸಿದವರು ಪಟ್ಟ ಪಾಡು ಸಣ್ಣದಲ್ಲ. ಮೈಕ್ರೋಸಾಫ್ಟ್‌ನ ಹಳೆಯ ಮಾದರಿಗಳಲ್ಲಿದ್ದ ‘ಕಾರ್ಪ್’ ಎಂಬ ಹೆಸರನ್ನು ಅಸಂಖ್ಯ ಕಂಪನಿಗಳು ಹಾಗೆಯೇ ಉಳಿಸಿಕೊಂಡವು. ಅವುಗಳ ಲ್ಯಾಪ್‌ಟಾಪುಗಳು ಕಚೇರಿಯ ಹೊರಗೆ ಹೋದಾಗ ‘ಕಾರ್ಪ್ ಡಾಟ್ ಕಾಮ್’ ಎಂಬ ಬೇರೆಯವರ ಡೊಮೇನಿಗೆ ಲಾಗಿನ್ ವಿವರ ಕಳಿಸುವ ಅಪಾಯ ಹುಟ್ಟಿತು. ಅದು ದುಷ್ಟರ ಕೈಗೆ ಸಿಗದಿರಲೆಂದು 2020ರಲ್ಲಿ ಮೈಕ್ರೋಸಾಫ್ಟ್ ತಾನೇ ಆ ಡೊಮೇನ್ ಕೊಂಡುಕೊಂಡಿತು. ‘ಡೆವ್’ ಎಂದು ಪ್ರಯೋಗದ ಯಂತ್ರಗಳಿಗೆ ಹೆಸರಿಟ್ಟಿದ್ದವರು, ಆ ಹೆಸರು ಗೂಗಲ್ ಪಾಲಾಗಿ 2017ರ ಡಿಸೆಂಬರಿನಲ್ಲಿ ಕ್ರೋಮ್ ಬ್ರೌಸರ್ ಅದಕ್ಕೆ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿದಾಗ ಗಾಬರಿಯಾದರು. ‘ಲೋಕಲ್’ ಎಂಬುದು ಸಾಧನಗಳು ತಾವಾಗಿ ಒಂದನ್ನೊಂದು ಹುಡುಕಿಕೊಳ್ಳುವ ಪದ್ಧತಿಗೆ 2013ರಿಂದ ಮೀಸಲು. ನಿಜವಾದ ಡೊಮೇನ್ ಬೇಡವೇ ಬೇಡ ಎನ್ನುವವರಿಗೆ ‘ಇಂಟರ್ನಲ್’ ಎಂಬ ಹೆಸರನ್ನು ಡೊಮೇನ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ 2024ರಲ್ಲಿ ಒಳಜಾಲಗಳಿಗಾಗಿ ಕಾದಿರಿಸಿದೆ.

ಹೆಸರುಗಳು ಹೊರಗೆ ಸೋರುತ್ತವೆ ಎಂಬುದನ್ನೂ ನೆನಪಿಡಬೇಕು. ಸಾರ್ವಜನಿಕ ಪ್ರಮಾಣಪತ್ರ ಪಡೆದ ಪ್ರತಿ ಹೆಸರೂ ಯಾರು ಬೇಕಾದರೂ ಓದಬಹುದಾದ ದಾಖಲೆಯೊಂದಕ್ಕೆ ಸೇರುತ್ತದೆ. ಹೆಸರು ಮುಚ್ಚಿಟ್ಟರೆ ಭದ್ರತೆ ಸಿಕ್ಕಿಬಿಡುತ್ತದೆ ಎಂದು ನಾನು ನಂಬುವುದಿಲ್ಲ. ಹಾಗೆಂದು ಇನ್ನೂ ಘೋಷಣೆಯಾಗದ ಉತ್ಪನ್ನದ ಹೆಸರನ್ನೋ ಗಿರಾಕಿಯ ಹೆಸರನ್ನೋ ಅಲ್ಲಿ ಬರೆದು ಸಾರುವುದೂ ಬೇಡ.

ಮೇಜಿನ ಕಂಪ್ಯೂಟರ್, ಪ್ರಿಂಟರ್

ನೌಕರರ ಕಂಪ್ಯೂಟರಿಗೆ ಅವರದೇ ಹೆಸರಿಡುವುದು ಬಹುಸಾಮಾನ್ಯ ತಪ್ಪು. ಅವರು ಕೆಲಸ ಬಿಟ್ಟ ಮೇಲೂ ಆ ಹೆಸರು ಜಾಲದಲ್ಲಿ ತಿರುಗುತ್ತದೆ. ಲ್ಯಾಪ್‌ಟಾಪ್ ಸಾರ್ವಜನಿಕ ವೈಫೈಗೆ ಸೇರಿದಾಗ ತನ್ನ ಹೆಸರನ್ನು ಸುತ್ತಲಿನವರಿಗೆ ತಿಳಿಸುತ್ತದೆ. ಒಡತಿ ಯಾರೆಂದು ರೈಲು ನಿಲ್ದಾಣದಲ್ಲಿ ಅಪರಿಚಿತರಿಗೆ ಗೊತ್ತಾಗಬೇಕಿಲ್ಲ. 2017ರ ಆರ್‌ಎಫ್‌ಸಿ 8117 ಈ ಅಪಾಯವನ್ನೇ ವಿವರಿಸುತ್ತದೆ. ಯಂತ್ರದ ಸೀರಿಯಲ್ ನಂಬರನ್ನೇ ಹೆಸರು ಮಾಡಿದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡೆಲ್ ಕಂಪ್ಯೂಟರುಗಳ ಸರ್ವೀಸ್ ಟ್ಯಾಗ್ ಏಳೇ ಅಕ್ಷರ, ಮಿತಿಯೊಳಗೆ ಸಲೀಸಾಗಿ ಕೂರುತ್ತದೆ. ಸಹಾಯ ಕೇಳಿ ಫೋನ್ ಮಾಡಿದವರು ಕೆಳಗಿನ ಚೀಟಿ ನೋಡಿ ಓದಿ ಹೇಳಬಹುದು.

ಪ್ರಿಂಟರ್, ಸ್ವಿಚ್, ವೈಫೈ ಪೆಟ್ಟಿಗೆಗಳದ್ದು ಬೇರೆ ಮಾತು. ಅವುಗಳನ್ನು ಹುಡುಕಿಕೊಂಡು ಹೋಗುವವರಿಗೆ ಬೇಕಿರುವುದು ಜಾಗವೇ. ‘ಎರಡನೇ ಮಹಡಿ, ಮೆಟ್ಟಿಲ ಪಕ್ಕ’ ಎಂಬುದು ಪ್ರಿಂಟರಿಗೆ ಅತ್ಯುತ್ತಮ ಹೆಸರು. ಜಾಗ ಬದಲಾದರೆ ಹೆಸರನ್ನೂ ಬದಲಿಸಿದರಾಯಿತು.

ಕ್ಲೌಡ್‌ನಲ್ಲಿ

ಬೆಳಿಗ್ಗೆ ಹುಟ್ಟಿ ಸಂಜೆಗೆ ಅಳಿಯುವ ಕ್ಲೌಡ್ ಯಂತ್ರಗಳಿಗೆ ಮನುಷ್ಯರು ಹೆಸರಿಡುವುದೇ ಇಲ್ಲ, ತಂತ್ರಾಂಶ ಇಡುತ್ತದೆ. ವಿವರಗಳೆಲ್ಲ ಟ್ಯಾಗ್‌ಗಳಲ್ಲಿ ಇರುತ್ತವೆ. ಡಾಕರ್ ತಂತ್ರಾಂಶ ಕಂಟೈನರುಗಳಿಗೆ, ಅಂದರೆ ತಂತ್ರಾಂಶಗಳನ್ನು ಪ್ರತ್ಯೇಕವಾಗಿ ಓಡಿಸುವ ಆವರಣಗಳಿಗೆ, ಒಂದು ವಿಶೇಷಣ ಮತ್ತು ಒಬ್ಬ ವಿಜ್ಞಾನಿ ಅಥವಾ ಎಂಜಿನಿಯರ್ ಹೆಸರನ್ನು ಜೋಡಿಸಿ ಕೊಡುತ್ತದೆ. ಆರ್ಯಭಟ, ರಾಮಾನುಜನ್, ಸಿ.ವಿ. ರಾಮನ್ ಅವರೊಡನೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಆ ಪಟ್ಟಿಯಲ್ಲಿದ್ದಾರೆ. ಜಗತ್ತಿನ ಯಾವುದೋ ಮೂಲೆಯ ಸರ್ವರಿನಲ್ಲಿ ಈ ಕ್ಷಣ ಅವರ ಹೆಸರು ಹೊತ್ತ ಕಂಟೈನರ್ ಓಡುತ್ತಿರಬಹುದೆಂದು ನೆನೆದರೆ ಸಂತೋಷವಾಗುತ್ತದೆ.

ಹಳೆಯ ಕ್ರಮದಿಂದ ಹೊಸದಕ್ಕೆ

ಹೊಸ ಕ್ರಮ ತಂದ ದಿನ ಎಲ್ಲ ಹಳೆಯ ಸರ್ವರುಗಳ ಹೆಸರನ್ನೂ ಬದಲಿಸುವ ಆಸೆ ಬೇಡ. ಹೆಸರು ಡಿಎನ್‌ಎಸ್‌ನಲ್ಲಿ ಮಾತ್ರ ಇರುವುದಿಲ್ಲ. ಬ್ಯಾಕಪ್ ಪಟ್ಟಿ, ಪ್ರಮಾಣಪತ್ರ, ಪರವಾನಗಿ, ಯಾರೋ ಬರೆದಿಟ್ಟು ಹೋದ ಸ್ಕ್ರಿಪ್ಟುಗಳ ಒಳಗೆಲ್ಲ ಅಡಗಿರುತ್ತದೆ. ವಿಂಡೋಸ್‌ನ ಪ್ರಮಾಣಪತ್ರ ನೀಡುವ ಸರ್ವರಿನ ಹೆಸರನ್ನಂತೂ ಸ್ಥಾಪಿಸಿದ ಮೇಲೆ ಬದಲಿಸುವಂತಿಲ್ಲ. ಹೊಸ ಯಂತ್ರಗಳಿಗೆ ಮಾತ್ರ ಹೊಸ ಹೆಸರು ಕೊಟ್ಟು, ಹಳೆಯವು ನಿವೃತ್ತಿಯಾಗುವವರೆಗೆ ತಮ್ಮ ಹೆಸರಿನಲ್ಲೇ ಇರಲು ಬಿಡುವುದು ಸುರಕ್ಷಿತ. ಅಷ್ಟರಲ್ಲಿ ಪ್ರತಿ ಸೇವೆಗೂ ಅಲಿಯಾಸ್ ಕೊಟ್ಟು, ನೌಕರರ ಶಾರ್ಟ್‌ಕಟ್‌ಗಳನ್ನು ಒಂದೊಂದಾಗಿ ಅದಕ್ಕೆ ತಿರುಗಿಸಬೇಕು. ಹಳೆಯ ಯಂತ್ರವನ್ನು ತೆಗೆದ ಮೇಲೆ ಅದರ ಹೆಸರನ್ನು ಡಿಎನ್‌ಎಸ್‌ನಿಂದ ಅಳಿಸುವ ಮುಂಚೆ ಕೆಲವು ವಾರ ಲಾಗ್ ನೋಡಬೇಕು. ತಿಂಗಳ ಕೊನೆಯಲ್ಲಿ ಸಂಬಳದ ಪಟ್ಟಿ ತಯಾರಿಸುವ ಸ್ಕ್ರಿಪ್ಟ್ ಇನ್ನೂ ಆ ಹೆಸರನ್ನೇ ಕೇಳುತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ.